ಮೊಲದ ದವಡೆಯ ಕೀವುಗಂಟು: ಕೊಯ್ದು ತೆಗೆದರೂ ಮರಳಿ ಬರುವುದೇಕೆ?

ಪ್ರಶ್ನೆ: ನಮ್ಮ ಮನೆಯಲ್ಲಿ ನಾಲ್ಕು ವರ್ಷದ ಎರಡು ಮೊಲಗಳಿವೆ. ಅವುಗಳಲ್ಲಿ ‘ಹತ್ತಿ’ ಎಂಬ ಹೆಣ್ಣು ಮೊಲದ ಎಡಗಡೆಯ ಕೆಳದವಡೆಯ ಅಡಿಯಲ್ಲಿ ಎರಡು ತಿಂಗಳ ಹಿಂದೆ ಬೆಟ್ಟದ ನೆಲ್ಲಿಕಾಯಿಯಷ್ಟು ದೊಡ್ಡ ಗಂಟು ಕಾಣಿಸಿತು. ವೈದ್ಯರು ಕೊಯ್ದು ಕೀವು ತೆಗೆದು, ಬಾಯಿಗೆ ಹಾಕಲು ಅಮಾಕ್ಸಿಸಿಲಿನ್ ದ್ರಾವಣ ಕೊಟ್ಟರು. ಎರಡನೆಯ ದಿನವೇ ಭೇದಿ ಶುರುವಾದ್ದರಿಂದ ಔಷಧ ನಿಲ್ಲಿಸಿದೆವು. ಮೂರು ವಾರಕ್ಕೆ ಗಂಟು ಮತ್ತೆ ಬಂತು. ಈಗ ಮೊದಲಿಗಿಂತ ಗಟ್ಟಿಯಾಗಿದೆ. ಹತ್ತಿ ಒಣಹುಲ್ಲು ಮುಟ್ಟುತ್ತಿಲ್ಲ. ಕೊತ್ತಂಬರಿ ಸೊಪ್ಪು, ಬಾಳೆಹಣ್ಣು ಮಾತ್ರ ತಿನ್ನುತ್ತಾಳೆ. ತೂಕ 2 ಕಿಲೋ ಇದ್ದದ್ದು 1.8ಕ್ಕೆ ಇಳಿದಿದೆ. ಔಷಧದಿಂದಲೇ ಇದನ್ನು ಕರಗಿಸಲಾಗದೇ? ಶಸ್ತ್ರಚಿಕಿತ್ಸೆ ಮಾಡಿದರೆ ಅರಿವಳಿಕೆಯನ್ನು ತಡೆದುಕೊಳ್ಳುತ್ತಾಳೆಯೇ? ಇನ್ನೊಂದು ಮೊಲಕ್ಕೆ ಇದು ಅಂಟುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಗಂಟಿನ ವಿಷಯಕ್ಕಿಂತ ಮೊದಲು ನನ್ನನ್ನು ಕಳವಳಕ್ಕೆ ಈಡುಮಾಡಿದ್ದು ಹತ್ತಿ ಹುಲ್ಲು ಬಿಟ್ಟಿದ್ದಾಳೆ ಎಂಬ ಮಾತು. ಮೊಲದ ಹೊಟ್ಟೆ ಹಗಲಿರುಳೂ ನಡೆಯುತ್ತಲೇ ಇರಬೇಕಾದ ಗಿರಣಿಯಂತೆ. ಅದಕ್ಕೆ ನಾರು ಬೀಳುವುದು ನಿಂತರೆ ಕರುಳಿನ ಚಲನೆ ನಿಧಾನವಾಗುತ್ತದೆ, ಒಳಗೆ ಗಾಳಿ ತುಂಬುತ್ತದೆ, ಆ ನೋವಿಗೆ ಪ್ರಾಣಿ ಮತ್ತಷ್ಟು ಊಟ ಬಿಡುತ್ತದೆ, ಕೊನೆಗೆ ಯಕೃತ್ತಿನಲ್ಲಿ ಕೊಬ್ಬು ಕಟ್ಟಿಕೊಂಡು ಜೀವಕ್ಕೇ ಅಪಾಯವಾಗುತ್ತದೆ. ಆದ್ದರಿಂದ ಇದನ್ನು ಓದಿದ ಕೂಡಲೇ ಅವಳ ಗೂಡಿನ ಹಿಕ್ಕೆಗಳನ್ನು ನೋಡಿ. ಅವು ಮೊದಲಿನಷ್ಟೇ ದುಂಡಗೆ, ಕಡಲೆಕಾಳಿನ ಗಾತ್ರದಲ್ಲಿ, ನಾರು ನಾರಾಗಿ ಇದ್ದರೆ ಒಂದೆರಡು ದಿನ ಸಮಯವಿದೆ ಎಂದುಕೊಳ್ಳಬಹುದು. ಮೆಣಸಿನಕಾಳಿನಷ್ಟು ಚಿಕ್ಕದಾಗಿದ್ದರೆ, ಎಣಿಕೆ ಕಡಿಮೆಯಾಗಿದ್ದರೆ, ಅಥವಾ ಹತ್ತು ಹನ್ನೆರಡು ಗಂಟೆಗಳಿಂದ ಹಿಕ್ಕೆಯೇ ಬಿದ್ದಿಲ್ಲವಾದರೆ, ಗಂಟನ್ನು ಮರೆತು ಅಂದೇ ವೈದ್ಯರ ಬಳಿಗೆ ಓಡಬೇಕು. 2 ಕಿಲೋ ತೂಕದ ಮೊಲ 200 ಗ್ರಾಂ ಕಳೆದುಕೊಳ್ಳುವುದೆಂದರೆ 60 ಕಿಲೋ ತೂಕದ ಮನುಷ್ಯ 6 ಕಿಲೋ ಇಳಿದಂತೆ. ಇದನ್ನು ಸಣ್ಣದೆಂದು ತಳ್ಳಿಹಾಕುವ ಹಾಗಿಲ್ಲ.

ಎರಡನೆಯ ಮಾತು ಅಮಾಕ್ಸಿಸಿಲಿನ್ ಕುರಿತು. ಭೇದಿ ಕಂಡ ಕೂಡಲೇ ನೀವು ಅದನ್ನು ನಿಲ್ಲಿಸಿದ್ದು ಅವಳ ಜೀವ ಉಳಿಸಿತು ಎಂದರೆ ಉತ್ಪ್ರೇಕ್ಷೆಯಾಗದು. ನಾಯಿ, ಬೆಕ್ಕು, ಮಕ್ಕಳು ಎಲ್ಲರಿಗೂ ನಿಶ್ಚಿಂತೆಯಿಂದ ಕೊಡುವ ಈ ಔಷಧ ಮೊಲದ ಬಾಯಿಯ ಮೂಲಕ ಹೋದಾಗ ಅದರ ದೊಡ್ಡ ಕುರುಡುಕರುಳಿನಲ್ಲಿ ಹುಲ್ಲನ್ನು ಹುಳಿಯಿಸಿ ಜೀರ್ಣಿಸುವ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಸಾಯಿಸುತ್ತದೆ. ತೆರವಾದ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಜಾತಿಯ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡುತ್ತದೆ. ಆಂಪಿಸಿಲಿನ್, ಕ್ಲಿಂಡಾಮೈಸಿನ್, ಲಿಂಕೋಮೈಸಿನ್, ಎರಿಥ್ರೋಮೈಸಿನ್, ಬಾಯಿಗೆ ಕೊಡುವ ಸೆಫಲೋಸ್ಪೊರಿನ್‌ಗಳು ಇವೆಲ್ಲವೂ ಇದೇ ಸಾಲಿಗೆ ಸೇರುತ್ತವೆ. ಈ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು ಮೊಲದ ಗೂಡಿನ ಬಳಿಯೇ ಅಂಟಿಸಿಡಿ. ವೈದ್ಯರ ಮುಂದೆ ಅದನ್ನು ತೋರಿಸುವುದರಲ್ಲಿ ಸಂಕೋಚವೇನೂ ಬೇಡ. ದನ, ಎಮ್ಮೆ, ಕುರಿಗಳ ನಡುವೆ ದಿನವಿಡೀ ದುಡಿಯುವ ವೈದ್ಯರಿಗೆ ಮೊಲ ವರ್ಷಕ್ಕೆ ಒಂದೆರಡು ಸಲ ಎದುರಾಗುವ ಪ್ರಾಣಿ. ನೆನಪಿಸಿದರೆ ಯಾವ ಒಳ್ಳೆಯ ವೈದ್ಯರೂ ಬೇಸರಪಟ್ಟುಕೊಳ್ಳುವುದಿಲ್ಲ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ: ಕೊಯ್ದು ಕೀವು ತೆಗೆದ ಮೇಲೂ ಗಂಟು ಮರಳಿ ಬಂದದ್ದೇಕೆ? ಕೊಯ್ದ ಕೈಯಲ್ಲಿ ದೋಷವಿದ್ದಿರಲಾರದು. ಗಂಟು ಕಾಣುವುದು ಚರ್ಮದಲ್ಲಾದರೂ ಕಾಯಿಲೆ ಇರುವುದು ಹಲ್ಲಿನ ಬೇರಿನಲ್ಲಿ ಮತ್ತು ಅದನ್ನು ಹಿಡಿದಿರುವ ಮೂಳೆಯಲ್ಲಿ. ಅವೆರಡನ್ನೂ ಮುಟ್ಟದೆ ಗಂಟನ್ನು ಮಾತ್ರ ಬರಿದು ಮಾಡಿದರೆ ಅದು ತುಂಬಿಕೊಳ್ಳುವುದು ಖಚಿತ.

ಮೊಲಕ್ಕೆ ಒಟ್ಟು 28 ಹಲ್ಲುಗಳು. ಮುಂದೆ ಕಾಣುವ ಬಾಚಿಹಲ್ಲುಗಳು ಮೇಲೆ ಎರಡು, ಕೆಳಗೆ ಎರಡು. ಮೇಲಿನ ಬಾಚಿಹಲ್ಲುಗಳ ಹಿಂದೆ ಮೊಳೆಯಂಥ ಇನ್ನೆರಡು ಪುಟ್ಟ ಹಲ್ಲುಗಳು ಅಡಗಿರುತ್ತವೆ, ಇಲಿ ಹೆಗ್ಗಣಗಳ ಗುಂಪಿನಿಂದ ಮೊಲವನ್ನು ಬೇರೆಯಾಗಿಸುವ ಗುರುತುಗಳಲ್ಲಿ ಇದೂ ಒಂದು. ಉಳಿದ 22 ಹಲ್ಲುಗಳು ಕೆನ್ನೆಯೊಳಗೆ, ನಮ್ಮ ಕಣ್ಣಿಗೆ ಬೀಳದಷ್ಟು ಹಿಂದೆ ಇವೆ. ಈ ಹಲ್ಲುಗಳೆಲ್ಲ ಜೀವನಪೂರ್ತಿ ಬೆಳೆಯುತ್ತಲೇ ಇರುತ್ತವೆ. ಬಾಚಿಹಲ್ಲು ವಾರಕ್ಕೆ ಸುಮಾರು 2ರಿಂದ 3 ಮಿಲಿಮೀಟರಿನಷ್ಟು ಮೇಲೇಳುತ್ತದೆ. ಹುಲ್ಲನ್ನು ಎಡಬಲಕ್ಕೆ ಅರೆಯುತ್ತಾ ಬೆಳೆದಷ್ಟನ್ನೂ ಸವೆಸಿಕೊಳ್ಳುವುದು ಪ್ರಕೃತಿ ಮಾಡಿಕೊಟ್ಟ ಏರ್ಪಾಡು. ಸವೆತ ಕಡಿಮೆಯಾದಾಗ ಹಲ್ಲು ಮೇಲಕ್ಕೆ ಬೆಳೆದು ಎದುರಿನ ಹಲ್ಲಿಗೆ ಒತ್ತಿಕೊಳ್ಳುತ್ತದೆ. ಮೇಲೆ ಹೋಗಲು ಜಾಗವಿಲ್ಲದಾಗ ಅದೇ ಹಲ್ಲಿನ ಬುಡ ಕೆಳಮುಖವಾಗಿ ದವಡೆಯ ಮೂಳೆಯೊಳಗೇ ಇಳಿಯತೊಡಗುತ್ತದೆ. ನಿಮ್ಮ ಇನ್ನೊಂದು ಮೊಲದ ಕೆಳದವಡೆಯ ಅಂಚಿನ ಮೇಲೆ ಮೆಲ್ಲಗೆ ಬೆರಳಾಡಿಸಿ: ಆರೋಗ್ಯವಂತ ಮೊಲದಲ್ಲಿ ಆ ಅಂಚು ನಯವಾಗಿರುತ್ತದೆ, ಬೇರು ಇಳಿದಿದ್ದರೆ ಸಾಲಾಗಿ ಪೋಣಿಸಿದ ಜೋಳದ ಕಾಳುಗಳಂತೆ ಉಬ್ಬುತಗ್ಗು ಸಿಗುತ್ತದೆ. ಹೀಗೆ ಬೇರು ಇಳಿದಾಗ ಹಲ್ಲುಗಳ ನಡುವಿನ ಸಂದು ಅಗಲವಾಗುತ್ತದೆ, ಆ ಸಂದಿಗೆ ಹುಲ್ಲಿನ ಚೂರು, ಕೂದಲು ಸಿಕ್ಕಿಕೊಳ್ಳುತ್ತವೆ, ಒಸಡಿನ ಪಕ್ಕದಿಂದ ಬ್ಯಾಕ್ಟೀರಿಯಾ ಬೇರಿನ ತಳಕ್ಕೆ ಹರಿದು ಅಲ್ಲಿ ಕೀವು ಕಟ್ಟುತ್ತದೆ. ಮೂಳೆ ಕರಗಿ ಕೀವು ಚರ್ಮದಡಿಗೆ ಬಂದಾಗ ಮಾತ್ರ ನಮಗೆ ಗಂಟು ಕಾಣಿಸುತ್ತದೆ. ನೀವು ನೆಲ್ಲಿಕಾಯಿಯಷ್ಟು ಗಂಟು ಕಂಡ ದಿನಕ್ಕಾಗಲೇ ಒಳಗಿನ ಕಾಯಿಲೆಗೆ ವಾರಗಳೋ ತಿಂಗಳುಗಳೋ ಆಗಿದ್ದವು.

ಕೀವಿನ ಗುಣವೂ ಇಲ್ಲಿ ನಮಗೆ ವಿರುದ್ಧವಾಗಿದೆ. ಮನುಷ್ಯರ ಅಥವಾ ನಾಯಿಯ ಕುರು ಒಡೆದರೆ ಕೀವು ತೆಳ್ಳಗೆ ಹರಿದುಹೋಗುತ್ತದೆ, ಏಕೆಂದರೆ ಅವುಗಳ ಬಿಳಿ ರಕ್ತಕಣಗಳಲ್ಲಿ ಸತ್ತ ಅಂಗಾಂಶವನ್ನು ಕರಗಿಸಿ ನೀರಾಗಿಸುವ ಕಿಣ್ವಗಳು ಸಾಕಷ್ಟಿವೆ. ಮೊಲದ ರಕ್ತಕಣಗಳಲ್ಲಿ ಆ ಕಿಣ್ವಗಳ ಶಕ್ತಿ ಕಡಿಮೆ. ಹೀಗಾಗಿ ಕೀವು ಹಿಂಡಿ ನೀರು ತೆಗೆದ ಮೊಸರಿನಂತೆ ಗಟ್ಟಿಯಾಗಿ, ಬೆಳ್ಳಗೆ, ಕೆಲವೊಮ್ಮೆ ಪನೀರಿನಂತೆ ಚೂರುಚೂರಾಗಿ ಇರುತ್ತದೆ. ಮೊದಲ ಬಾರಿ ನೋಡಿದವರು ಇದು ಕೀವೆಂದು ನಂಬುವುದೇ ಇಲ್ಲ. ಟೂತ್‌ಪೇಸ್ಟ್ ಟ್ಯೂಬನ್ನು ಒತ್ತಿದಂತೆ ಎಳೆಯಾಗಿ ಹೊರಬಂದು ಬಂದಲ್ಲೇ ನಿಲ್ಲುತ್ತದೆ. ಅದು ತಾನಾಗಿ ಹರಿಯುವುದಿಲ್ಲ, ಸೂಜಿಯಲ್ಲಿ ಎಳೆದರೂ ಬರುವುದಿಲ್ಲ, ನಳಿಕೆ ಇಟ್ಟರೆ ಅರ್ಧ ದಿನಕ್ಕೆ ನಳಿಕೆಯೇ ಕಟ್ಟಿಕೊಳ್ಳುತ್ತದೆ. ಇದರ ಸುತ್ತ ದೇಹ ದಪ್ಪ ಗೋಡೆಯೊಂದನ್ನು ಕಟ್ಟಿಬಿಡುತ್ತದೆ. ಆ ಗೋಡೆಯಲ್ಲಿ ಜೀವಂತ ಬ್ಯಾಕ್ಟೀರಿಯಾ ನೆಲೆಸಿರುತ್ತವೆ; ಗೋಡೆಯೊಳಗಿನ ಕೀವಿಗೆ ರಕ್ತಸಂಚಾರವೇ ಇಲ್ಲದ್ದರಿಂದ ಔಷಧ ಅಲ್ಲಿಗೆ ತಲುಪುವುದಿಲ್ಲ. ಔಷಧದಿಂದಲೇ ಕರಗಿಸಲಾಗದೇ ಎಂದು ನೀವು ಕೇಳಿದ್ದಕ್ಕೆ ಉತ್ತರ ಈ ಗೋಡೆಯಲ್ಲೇ ಇದೆ. ಆರಂಭದ ಹಂತದಲ್ಲಿ, ಗೋಡೆ ಇನ್ನೂ ಕಟ್ಟಿಕೊಳ್ಳುವ ಮೊದಲು, ಔಷಧ ರೋಗವನ್ನು ತಡೆದು ನಿಲ್ಲಿಸಬಹುದು. ಮರಳಿ ಬಂದು ಗಟ್ಟಿಯಾಗಿರುವ ಗಂಟಿನಲ್ಲಿ ಔಷಧವೊಂದರಿಂದಲೇ ಪೂರ್ತಿ ಗುಣವಾದೀತೆಂದು ನಾನು ಆಸೆ ಹುಟ್ಟಿಸಲಾರೆ.

ಆದರೂ ಔಷಧ ಬೇಡವೆಂದು ಅರ್ಥವಲ್ಲ, ಅದಕ್ಕೆ ಶಸ್ತ್ರಚಿಕಿತ್ಸೆಯ ಹಿಂದೆ ನಿಲ್ಲುವ ಸ್ಥಾನವಿದೆ. ಬಹುಕಾಲ ಮೊಲದ ಎಲ್ಲ ಕೀವಿಗೂ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾವೇ ಕಾರಣವೆಂದು ನಾವು ತಿಳಿದಿದ್ದೆವು. ಹಲ್ಲಿನ ಮೂಲದ ಕೀವುಗಂಟುಗಳನ್ನು ಪರೀಕ್ಷಿಸಿದಾಗ ಕಂಡದ್ದು ಹೆಚ್ಚಾಗಿ ಗಾಳಿಯಿಲ್ಲದೆಡೆ ಬೆಳೆಯುವ ಫ್ಯೂಸೋಬ್ಯಾಕ್ಟೀರಿಯಂ, ಪ್ರಿವೊಟೆಲ್ಲಾ ಮುಂತಾದವು, ಜೊತೆಗೆ ಸ್ಟ್ರೆಪ್ಟೊಕಾಕಸ್ ಮತ್ತು ಆಕ್ಟಿನೊಮೈಸಿಸ್ ಗುಂಪಿನವು. ಇದರ ಪರಿಣಾಮ ಚಿಕಿತ್ಸೆಯ ಮೇಲೆ ನೇರವಾಗಿ ಬೀಳುತ್ತದೆ: ಮೊಲಕ್ಕೆ ಸುರಕ್ಷಿತವೆಂದು ಎಲ್ಲೆಡೆ ಬರೆದುಕೊಡುವ ಎನ್ರೋಫ್ಲಾಕ್ಸಾಸಿನ್ ಸುರಕ್ಷಿತವೇನೋ ಹೌದು, ಆದರೆ ಗಾಳಿಯಿಲ್ಲದೆಡೆಯ ಬ್ಯಾಕ್ಟೀರಿಯಾಗಳ ಮೇಲೆ ಅದರ ಆಟ ಅಷ್ಟಾಗಿ ನಡೆಯುವುದಿಲ್ಲ. ಅದರ ಜೊತೆ ಮೆಟ್ರೊನಿಡಜೋಲ್ ಸೇರಿಸುವುದು, ಅಜಿಥ್ರೊಮೈಸಿನ್ ಬಳಸುವುದು, ಇಲ್ಲವೇ ಪೆನಿಸಿಲಿನ್ನನ್ನು ಚರ್ಮದಡಿಗೆ ಇಂಜೆಕ್ಷನ್ನಾಗಿ ಕೊಡುವುದು ಹೆಚ್ಚು ಅರ್ಥಪೂರ್ಣ. ಬಾಯಿಯಿಂದ ಕೊಂದುಬಿಡುವ ಪೆನಿಸಿಲಿನ್ ಚರ್ಮದಡಿಯಿಂದ ಹೋದರೆ ಬಹುತೇಕ ಮೊಲಗಳಿಗೆ ಒಗ್ಗುತ್ತದೆ ಎಂಬುದು ವಿಚಿತ್ರವೆನಿಸಿದರೂ ನಿಜ. ಆದರೆ ಸೂಜಿ ತೆಗೆಯುವಾಗ ತುಪ್ಪಳದ ಮೇಲೆ ಸೋರಿದ ಹನಿಯನ್ನು ಒದ್ದೆ ಬಟ್ಟೆಯಿಂದ ಚೆನ್ನಾಗಿ ಒರೆಸಿಬಿಡಬೇಕು, ಮೊಲ ಅದನ್ನು ನೆಕ್ಕಿ ಹೊಟ್ಟೆಗೆ ಸೇರಿಸಿಕೊಳ್ಳಬಾರದು. ಯಾವ ಔಷಧ ಎಂಬುದನ್ನು ಕಲ್ಚರ್ ಪರೀಕ್ಷೆ, ಅಂದರೆ ಗಂಟಿನ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡುವ ಪರೀಕ್ಷೆ, ಹೇಳಿದರೆ ಅತ್ಯುತ್ತಮ. ಅದಕ್ಕೆ ಮಾದರಿಯನ್ನು ಕೀವಿನ ನಡುವಿನಿಂದ ತೆಗೆಯದೆ ಗಂಟಿನ ಗೋಡೆಯ ಚೂರಿನಿಂದ ತೆಗೆಯುವಂತೆ ಕೇಳಿಕೊಳ್ಳಿ. ನಡುವಿನ ಕೀವಿನಲ್ಲಿ ಬ್ಯಾಕ್ಟೀರಿಯಾಗಳು ಸತ್ತಿರುವುದರಿಂದ ವರದಿಯಲ್ಲಿ ‘ಏನೂ ಬೆಳೆದಿಲ್ಲ’ ಎಂದು ಬರುವುದು ಸಾಮಾನ್ಯ.

ಶಸ್ತ್ರಚಿಕಿತ್ಸೆಗೆ ಮೊದಲು ಯಾವ ಹಲ್ಲು, ಎಷ್ಟು ಮೂಳೆ ಎಂಬುದು ಗೊತ್ತಾಗಬೇಕು. ಎಚ್ಚರವಿರುವ ಮೊಲದ ಬಾಯಿ ಇಕ್ಕಟ್ಟು; ಕಿವಿ ನೋಡುವ ಕೊಳವೆಯನ್ನು ತೂರಿಸಿ ನೋಡಿದರೆ ಹಲ್ಲಿನ ಚೂಪಾದ ಅಂಚು, ನಾಲಿಗೆಯ ಮೇಲಿನ ಹುಣ್ಣು ಕಾಣಬಹುದೇ ಹೊರತು ಬೇರಿನ ಸ್ಥಿತಿ ಕಾಣುವುದಿಲ್ಲ. ಹೊರಗೆ ಕಾಣುವ ಹಲ್ಲು ಕೇವಲ ಎರಡು ಮೂರು ಮಿಲಿಮೀಟರ್, ಉಳಿದದ್ದೆಲ್ಲ ಮೂಳೆಯೊಳಗಿದೆ. ಆದ್ದರಿಂದ ತಲೆಯ ಎಕ್ಸ್-ರೇ ಆಗಲೇಬೇಕು, ಅದೂ ಒಂದೇ ಚಿತ್ರ ಸಾಲದು: ಪಕ್ಕದಿಂದ ತೆಗೆದ ಚಿತ್ರದಲ್ಲಿ ಎಡಬಲದ ಹಲ್ಲುಗಳು ಒಂದರ ಮೇಲೊಂದು ಬೀಳುವುದರಿಂದ ಎರಡೂ ಕಡೆಯಿಂದ ಓರೆಯಾಗಿ, ಮೇಲಿನಿಂದ, ಸಾಧ್ಯವಾದರೆ ಮೂಗಿನ ಎದುರಿನಿಂದಲೂ ತೆಗೆಯಬೇಕು. ಸಿ.ಟಿ. ಸ್ಕ್ಯಾನ್ ದೊರೆತರೆ ಎಲ್ಲಕ್ಕಿಂತ ಮೇಲು, ಏಕೆಂದರೆ ಎಷ್ಟು ಹಲ್ಲು ಕೆಟ್ಟಿದೆ, ಮೂಳೆಯ ಯಾವ ಗೋಡೆ ಕರಗಿದೆ ಎಂಬುದನ್ನು ಅದು ಪದರಪದರವಾಗಿ ತೋರಿಸುತ್ತದೆ. ಗಂಟೆಲ್ಲ ಕೀವೇ ಆಗಿರಬೇಕೆಂದೂ ಇಲ್ಲ. ಅಪರೂಪಕ್ಕೆ ಗೆಡ್ಡೆಯೂ ಇರಬಹುದು, ದಪ್ಪ ಸೂಜಿ ಹಾಕಿ ತೆಗೆದ ಮಾದರಿ ಆ ಅನುಮಾನವನ್ನು ಬಗೆಹರಿಸುತ್ತದೆ. ಹತ್ತಿಗೆ ಕಣ್ಣು ಮುಂದಕ್ಕೆ ಉಬ್ಬಿದೆಯೇ, ಕಣ್ಣಿನಿಂದ ಹಾಲಿನಂಥ ನೀರು ಬರುತ್ತಿದೆಯೇ ಎಂಬುದನ್ನೂ ಗಮನಿಸಿ. ಮೇಲ್ದವಡೆಯ ಹಿಂದಿನ ಹಲ್ಲುಗಳ ಬೇರು ಕಣ್ಣಿನ ಗುಳಿಗೆ ಹೊಂದಿಕೊಂಡೇ ಇದೆ. ಅಲ್ಲಿ ಕೀವಾದರೆ ಕಣ್ಣುಗುಡ್ಡೆಯನ್ನು ಹಿಂದಿನಿಂದ ತಳ್ಳುತ್ತದೆ, ಅದರ ಚಿಕಿತ್ಸೆ ಬಹಳ ಕಷ್ಟ. ನೀವು ಬರೆದಂತೆ ಗಂಟು ಕೆಳದವಡೆಯಲ್ಲಿ ಮಾತ್ರ ಇದ್ದರೆ, ಇಂಥ ಕಾಯಿಲೆಗಳಲ್ಲಿ ಗೆಲ್ಲುವ ಸಾಧ್ಯತೆ ಹೆಚ್ಚಿರುವ ಜಾಗದಲ್ಲೇ ಇದೆ ಎನ್ನಬಹುದು.

ಶಸ್ತ್ರಚಿಕಿತ್ಸೆಯಲ್ಲಿ ಮಾಡಬೇಕಾದದ್ದು ಮೂರು ಕೆಲಸ, ಮೂರೂ ಒಂದೇ ಸಲಕ್ಕೆ. ಗಂಟನ್ನು ಒಡೆಯದೆ, ಸಾಧ್ಯವಾದಷ್ಟೂ ಅದರ ಗೋಡೆಯ ಸಮೇತ, ಸುತ್ತಲಿನ ಮಾಂಸದಿಂದ ಬಿಡಿಸಿಕೊಂಡು ದವಡೆಯ ಮೂಳೆಯವರೆಗೆ ಹೋಗಬೇಕು. ಅಲ್ಲಿ ಕೆಟ್ಟ ಹಲ್ಲನ್ನು, ಅಥವಾ ಹಲ್ಲುಗಳನ್ನು, ಬುಡದ ಬೆಳವಣಿಗೆಯ ಅಂಗಾಂಶದ ಸಮೇತ ಕಿತ್ತು ತೆಗೆಯಬೇಕು. ಕರಗಿ ಮೆತ್ತಗಾದ ಮೂಳೆಯನ್ನು ಆರೋಗ್ಯಕರ ಗಟ್ಟಿ ಮೂಳೆ ಸಿಗುವವರೆಗೆ ಕೆರೆದು ತೆಗೆಯಬೇಕು. ಬುಡದ ಅಂಗಾಂಶ ಚೂರು ಉಳಿದರೂ ಹಲ್ಲು ಮತ್ತೆ ಬೆಳೆಯುತ್ತದೆ, ಸೊಟ್ಟಗೆ ಬೆಳೆಯುತ್ತದೆ, ಗಂಟೂ ಮರಳುತ್ತದೆ. ಕೆಲವು ವರ್ಷಗಳ ಹಿಂದೆ ನನ್ನ ಮೇಜಿನ ಮೇಲೆ ಇದೇ ಕಾಯಿಲೆಯ ಒಂದು ಬೂದುಬಣ್ಣದ ಗಂಡು ಮೊಲವಿತ್ತು. ಬೇರೆಡೆ ಮೂರು ಸಲ ಕೊಯ್ಸಿಕೊಂಡು ಬಂದಿತ್ತು. ಗಂಟನ್ನು ಬಿಡಿಸಿ ಮೂಳೆಗೆ ತಲುಪಿದಾಗ ಚಿಮುಟಕ್ಕೆ ಸಿಕ್ಕ ದವಡೆ ಹಲ್ಲು ಕಷ್ಟವೇ ಇಲ್ಲದೆ ಜಾರಿ ಬಂತು. ಅದರ ಬುಡ ಆರೋಗ್ಯವಂತ ಹಲ್ಲಿನಂತೆ ಬೆಳ್ಳಗಿರದೆ ಕಂದಿ, ತುದಿ ಕೊರೆದುಹೋದ ಅವರೆಕಾಳಿನಂತೆ ಒರಟಾಗಿತ್ತು. ಪಕ್ಕದಲ್ಲಿ ಒಂದು ಅಂಗುಲ ಉದ್ದದ ಹುಲ್ಲಿನ ಎಳೆ ಮೂಳೆಯೊಳಗೇ ಮಡಿಚಿಕೊಂಡಿತ್ತು. ಮೂರು ಬಾರಿಯೂ ಮೇಲಿನ ಕೀವನ್ನಷ್ಟೇ ತೆಗೆದು ಆ ಎಳೆಯನ್ನೂ ಹಲ್ಲನ್ನೂ ಒಳಗೇ ಬಿಟ್ಟಿದ್ದರು. ಆ ಮೊಲಕ್ಕೆ ನಾಲ್ಕನೆಯ ಸಲ ಗಂಟು ಬರಲಿಲ್ಲ.

ಒಳಭಾಗ ಸ್ವಚ್ಛವಾದ ಮೇಲೆ ಗಾಯವನ್ನು ಪೂರ್ತಿ ಹೊಲಿದು ಮುಚ್ಚಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಗುಳಿಯ ಅಂಚನ್ನು ಚರ್ಮದ ಅಂಚಿಗೆ ಸುತ್ತಲೂ ಹೊಲಿದು ಕಿಸೆಯ ಬಾಯಿಯಂತೆ ತೆರೆದಿಟ್ಟರೆ, ಹೊಸ ಮಾಂಸ ತಳದಿಂದ ಮೇಲಕ್ಕೆ ತುಂಬಿಕೊಂಡು ಬರುತ್ತದೆ, ಅಷ್ಟು ದಿನವೂ ಒಳಗನ್ನು ಕಣ್ಣಾರೆ ನೋಡಿ ತೊಳೆಯಬಹುದು. ಕೆಲವು ಶಸ್ತ್ರವೈದ್ಯರು ಗುಳಿಯಲ್ಲಿ ಆ್ಯಂಟಿಬಯೋಟಿಕ್ ಬೆರೆಸಿದ ಸಣ್ಣ ಮಣಿಗಳನ್ನಿಟ್ಟು ಮುಚ್ಚುತ್ತಾರೆ. ಆ ಮಣಿಗಳು ವಾರಗಟ್ಟಲೆ ಆ ಜಾಗದಲ್ಲೇ ಔಷಧ ಬಿಡುತ್ತಿರುತ್ತವೆ. ಗೋಡೆ, ಹಲ್ಲು, ಮೂಳೆ ಮೂರೂ ಸಂಪೂರ್ಣ ಶುದ್ಧವಾಗಿವೆ ಎಂಬ ಭರವಸೆಯಿದ್ದಾಗ ಅದೂ ಒಳ್ಳೆಯ ವಿಧಾನ. ಭರವಸೆಯಿಲ್ಲದಿದ್ದರೆ ತೆರೆದಿಡುವುದೇ ಕ್ಷೇಮ.

ಅರಿವಳಿಕೆಯ ಬಗ್ಗೆ ನಿಮ್ಮ ಭಯ ಸಹಜ, ಅದಕ್ಕೆ ಆಧಾರವೂ ಇದೆ. ಬ್ರಿಟನ್ನಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಅರಿವಳಿಕೆಗೆ ಸಂಬಂಧಿಸಿದ ಸಾವು ನಾಯಿಗಳಲ್ಲಿ ಶೇ. 0.17, ಬೆಕ್ಕುಗಳಲ್ಲಿ ಶೇ. 0.24 ಇದ್ದರೆ ಮೊಲಗಳಲ್ಲಿ ಶೇ. 1.39 ಇತ್ತು, ಆರೋಗ್ಯವಂತ ಮೊಲಗಳನ್ನಷ್ಟೇ ಲೆಕ್ಕ ಹಿಡಿದರೆ ಶೇ. 0.73. ಕಾಯಿಲೆಯಿಂದ ಸೊರಗಿದ ಮೊಲಕ್ಕೆ ಅಪಾಯ ಹೆಚ್ಚು ಎಂಬುದು ಇದರಿಂದ ಸ್ಪಷ್ಟ. ಆದ ಕಾರಣ ತೂಕ ಇಳಿದಿರುವ ಹತ್ತಿಯನ್ನು ನೇರವಾಗಿ ಮೇಜಿಗೆ ಒಯ್ಯುವುದಕ್ಕಿಂತ, ಎರಡು ಮೂರು ದಿನ ನೋವಿನ ಔಷಧ, ಸಲೈನ್, ಸಿರಿಂಜಿನ ಊಟ ಕೊಟ್ಟು ಅವಳ ಕರುಳು ನಡೆಯುವಂತೆ ಮಾಡಿ ಆಮೇಲೆ ಶಸ್ತ್ರಚಿಕಿತ್ಸೆಗೆ ಒಪ್ಪಿಸುವುದು ಸರಿಯಾದ ಕ್ರಮ. ಇನ್ನೊಂದು ಮಾತನ್ನು ದಯವಿಟ್ಟು ನೆನಪಿಡಿ: ನಾಯಿಗೆ ಹೇಳುವಂತೆ ‘ಹಿಂದಿನ ರಾತ್ರಿಯಿಂದ ಏನೂ ತಿನ್ನಿಸಬೇಡಿ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಮೊಲ ವಾಂತಿ ಮಾಡಿಕೊಳ್ಳಲಾರದು, ಹಾಗಾಗಿ ಉಪವಾಸದಿಂದ ಲಾಭವಿಲ್ಲ, ಹಾನಿ ಮಾತ್ರ ಇದೆ. ಬಾಯಲ್ಲಿ ಹುಲ್ಲು ಉಳಿಯದಿರಲೆಂದು ಒಂದು ಗಂಟೆ ಮೊದಲು ಆಹಾರ ತೆಗೆದರೆ ಸಾಕು. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಮೈ ಬೆಚ್ಚಗಿಡುವ ವ್ಯವಸ್ಥೆ, ಆಮ್ಲಜನಕ, ಉಸಿರು ಮತ್ತು ಹೃದಯಬಡಿತವನ್ನು ನೋಡುತ್ತಲೇ ಇರುವ ಇನ್ನೊಬ್ಬರು ಇದ್ದಾರೆಯೇ ಎಂದು ಮೊದಲೇ ಕೇಳಿ ತಿಳಿದುಕೊಳ್ಳಿ.

ಮನೆಗೆ ಬಂದ ಮೇಲಿನ ಮೂರು ನಾಲ್ಕು ವಾರಗಳಲ್ಲಿ ಅರ್ಧ ಚಿಕಿತ್ಸೆ ನಿಮ್ಮ ಕೈಯಲ್ಲಿದೆ. ನೋವು ನಿವಾರಣೆಗೆ ಸಾಮಾನ್ಯವಾಗಿ ಮೆಲಾಕ್ಸಿಕ್ಯಾಮ್ ಕೊಡುತ್ತೇವೆ. ಮೊಲದ ದೇಹ ಅದನ್ನು ಬೇಗ ಹೊರಹಾಕುವುದರಿಂದ ನಾಯಿಯ ಪ್ರಮಾಣ ಮೊಲಕ್ಕೆ ಸಾಲುವುದಿಲ್ಲ, ಪ್ರಮಾಣವನ್ನು ವೈದ್ಯರೇ ತೂಕ ನೋಡಿ ನಿಶ್ಚಯಿಸಬೇಕು. ಮನೆಯಲ್ಲಿರುವ ನೋವಿನ ಮಾತ್ರೆಗಳನ್ನು ಮುಟ್ಟಬೇಡಿ; ಊತ ಇಳಿಯಲೆಂದು ಸ್ಟೆರಾಯ್ಡ್ ಕೊಡುವುದಂತೂ ಮೊಲದಲ್ಲಿ ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುತ್ತದೆ. ತಾನಾಗಿ ತಿನ್ನದಿದ್ದರೆ ಕೈಯಾರೆ ತಿನ್ನಿಸಬೇಕು. ಮೊಲಗಳಿಗೆಂದೇ ಬರುವ ನಾರಿನ ಪುಡಿ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಅವಳ ದಿನನಿತ್ಯದ ಪೆಲೆಟ್‌ಗಳನ್ನು ಪುಡಿಮಾಡಿ ಬಿಸಿನೀರಿನಲ್ಲಿ ನೆನೆಸಿ ಗಂಜಿಯ ಹದಕ್ಕೆ ತಂದುಕೊಳ್ಳಿ. ದಿನಕ್ಕೆ ಕಿಲೋ ತೂಕಕ್ಕೆ ಸುಮಾರು 50 ಮಿಲಿಲೀಟರ್ ಲೆಕ್ಕದಲ್ಲಿ, ಹತ್ತಿಗೆ ಸುಮಾರು 90ರಿಂದ 100 ಮಿಲಿಲೀಟರ್ ಆಗುತ್ತದೆ. ಅದನ್ನು ಐದಾರು ಸಲವಾಗಿ ಹಂಚಿ. ಅವಳನ್ನು ಟವೆಲ್ಲಿನಲ್ಲಿ ಸುತ್ತಿ, ನಾಲ್ಕೂ ಕಾಲು ನೆಲದ ಮೇಲಿರುವಂತೆ ಕೂರಿಸಿ, ಬಾಚಿಹಲ್ಲಿನ ಹಿಂದೆ ಹಲ್ಲಿಲ್ಲದ ಖಾಲಿ ಜಾಗಕ್ಕೆ, ಶಸ್ತ್ರಚಿಕಿತ್ಸೆಯಾಗದ ಬಲಗಡೆಯಿಂದ, ಸಣ್ಣ ಸಿರಿಂಜನ್ನು ತೂರಿಸಿ ಒಂದು ಮಿಲಿಲೀಟರಿನಷ್ಟು ಹಾಕಿ, ಅವಳು ಅಗಿದು ನುಂಗುವುದನ್ನು ಕಾದು, ಮತ್ತೆ ಹಾಕಿ. ಅಂಗಾತ ಮಲಗಿಸಿ ಹಾಕಿದರೆ ಶ್ವಾಸಕೋಶಕ್ಕೆ ಇಳಿದು ಉಸಿರು ಕಟ್ಟುತ್ತದೆ.

ಗಾಯವನ್ನು ವೈದ್ಯರು ಹೇಳಿದ ದ್ರಾವಣದಿಂದ ದಿನಕ್ಕೆ ಒಂದೆರಡು ಸಲ ತೊಳೆಯಬೇಕಾಗುತ್ತದೆ. ಮೊದಲ ದಿನ ಆ ಗುಳಿಯನ್ನು ನೋಡಿ ನಿಮಗೆ ಕೈನಡುಕ ಬಂದೀತು, ನಾಲ್ಕನೆಯ ದಿನಕ್ಕೆ ಅಭ್ಯಾಸವಾಗುತ್ತದೆ. ಒಳಗೆ ದಾಳಿಂಬೆ ಬೀಜದಂತೆ ಕೆಂಪಗೆ, ಹರಳುಹರಳಾದ ಮಾಂಸ ಕಂಡರೆ ಅದು ಮಾಯುವ ಲಕ್ಷಣ. ಬಿಳಿ ಮೊಸರು ಮತ್ತೆ ಕಂಡರೆ ಆ ದಿನವೇ ತಿಳಿಸಿ. ಶುದ್ಧೀಕರಿಸಿದ ವೈದ್ಯಕೀಯ ಜೇನನ್ನು ಗಾಯಕ್ಕೆ ತುಂಬುವ ಪದ್ಧತಿ ಇದೆ ಮತ್ತು ಅದು ಉಪಯುಕ್ತವೂ ಹೌದು, ಆದರೆ ಅಡುಗೆಮನೆಯ ಜೇನು ಶುದ್ಧೀಕರಿಸಿದ್ದಲ್ಲ. ಅರಿಶಿನ ಹಚ್ಚುವುದು, ಬಿಸಿ ಶಾಖ ಕೊಟ್ಟು ಹಿಂಡುವುದು ನಮ್ಮ ಮನೆಗಳಲ್ಲಿ ಬಂದ ರೂಢಿ. ದಪ್ಪ ಗೋಡೆಯ ಗಂಟನ್ನು ಹಿಂಡಿದರೆ ಕೀವು ಹೊರಗೆ ಬರುವ ಬದಲು ಸುತ್ತಲಿನ ಮಾಂಸದೊಳಕ್ಕೆ ನುಗ್ಗುತ್ತದೆ, ದಯವಿಟ್ಟು ಮಾಡಬೇಡಿ.

ನಮ್ಮ ಹವೆಯಲ್ಲಿ ತೆರೆದ ಗಾಯಕ್ಕೆ ಇರುವ ದೊಡ್ಡ ಶತ್ರು ನೊಣ. ಕೀವಿನ ವಾಸನೆಗೆ ಬಂದು ಮೊಟ್ಟೆಯಿಟ್ಟರೆ ಒಂದು ದಿನದೊಳಗೆ ಹುಳು ಬೀಳಬಹುದು. ಗಾಯ ಮಾಯುವವರೆಗೆ ಹತ್ತಿಯನ್ನು ಮನೆಯೊಳಗೆ, ಸೊಳ್ಳೆಪರದೆ ಹಾಕಿದ ಜಾಗದಲ್ಲಿ, ಒಣಬಟ್ಟೆಯ ಮೇಲೆ ಇಡಿ. ಗಲ್ಲದ ತುಪ್ಪಳ ಜೊಲ್ಲಿನಿಂದ ಒದ್ದೆಯಾಗದಂತೆ ನೋಡಿಕೊಳ್ಳಿ. ನೊಣಕ್ಕೆಂದು ನಾಯಿಗಳಿಗೆ ಬಳಸುವ ಫಿಪ್ರೊನಿಲ್ ಸ್ಪ್ರೇಯನ್ನು ಎಂದೂ ಹೊಡೆಯಬೇಡಿ, ಅದು ಮೊಲಗಳ ಪ್ರಾಣ ತೆಗೆಯುತ್ತದೆ.

ಇಷ್ಟಾಗಿಯೂ ನಿಮ್ಮ ಕೆಲಸ ಮುಗಿಯುವುದಿಲ್ಲ. ಕೆಳಗಿನ ಹಲ್ಲು ಹೋದ ಮೇಲೆ ಅದಕ್ಕೆದುರಾದ ಮೇಲಿನ ಹಲ್ಲಿಗೆ ಸವೆತವಿರುವುದಿಲ್ಲ, ಆದ್ದರಿಂದ ಕೆಲವು ವಾರ ಅಥವಾ ತಿಂಗಳುಗಳಿಗೊಮ್ಮೆ ಅದನ್ನು ನೋಡಿ ಉಜ್ಜಿ ಸಮಮಾಡಿಸಬೇಕು. ಅದನ್ನು ಅರಿವಳಿಕೆಯಲ್ಲಿ, ಹಲ್ಲನ್ನು ಸವೆಸುವ ದಂತಚಿಕಿತ್ಸೆಯ ಯಂತ್ರದಿಂದಲೇ ಮಾಡಿಸಿ. ಉಗುರು ಕತ್ತರಿಸುವ ಕಟ್ಟರಿನಿಂದ ಮೊಲದ ಹಲ್ಲನ್ನು ಕತ್ತರಿಸುವುದು ಇಂದಿಗೂ ಕೆಲವೆಡೆ ನಡೆಯುತ್ತಿದೆ; ಆ ಒತ್ತಡಕ್ಕೆ ಹಲ್ಲು ಉದ್ದಕ್ಕೆ ಸೀಳಿ, ಸೀಳಿನ ಮೂಲಕ ಬೇರಿಗೆ ಸೋಂಕು ಇಳಿದು, ಹೊಸ ಕೀವುಗಂಟು ಹುಟ್ಟುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಈ ಒಂದು ಪದ್ಧತಿ ನಿಂತರೆ ಎಷ್ಟೋ ಮೊಲಗಳ ಸಂಕಟ ತಪ್ಪೀತು.

ಇದಕ್ಕೆಲ್ಲ ಮೂಲವಾದ ಆಹಾರದ ಕಡೆಗೆ ಬರೋಣ. ಮೊಲವೆಂದರೆ ಗಜ್ಜರಿ ಎಂಬ ಕಲ್ಪನೆ ಚಿತ್ರಗಳಿಂದ ಬಂದದ್ದು. ಗಜ್ಜರಿ, ಬಾಳೆಹಣ್ಣು, ಬಿಸ್ಕತ್ತು, ಚಪಾತಿ ಚೂರು ಇವು ಯಾವುವೂ ಹಲ್ಲನ್ನು ಎಡಬಲಕ್ಕೆ ಅರೆಯುವಂತೆ ಮಾಡುವುದಿಲ್ಲ. ಮೊಲದ ಊಟದಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಹುಲ್ಲೇ ಇರಬೇಕು. ಆಮದಾದ ಟಿಮೊಥಿ ಹುಲ್ಲೇ ಆಗಬೇಕೆಂದಿಲ್ಲ. ಔಷಧ ಸಿಂಪಡಿಸದ, ರಸ್ತೆಬದಿಯದಲ್ಲದ ಗರಿಕೆ ನಮ್ಮಲ್ಲಿ ವರ್ಷವಿಡೀ ಸಿಗುತ್ತದೆ, ಒಣಗಿಸಿದರೂ ಹಸಿಯಾದರೂ ಉತ್ತಮ. ರೋಡ್ಸ್ ಹುಲ್ಲು, ಓಟ್ಸ್ ಹುಲ್ಲು ಕೂಡ ಒಳ್ಳೆಯವು. ಭತ್ತದ ಹುಲ್ಲಿನಲ್ಲಿ ಪೋಷಕಾಂಶ ಕಡಿಮೆ, ಅದು ಹಾಸಲು ಸರಿ. ಕುದುರೆಮಸಾಲೆ ಸೊಪ್ಪಿನಲ್ಲಿ ಸುಣ್ಣಾಂಶ ಜಾಸ್ತಿ. ಮರಿಗಳಿಗೆ ಸರಿ, ದೊಡ್ಡ ಮೊಲಕ್ಕೆ ದಿನನಿತ್ಯ ಬೇಡ. ಕೆಲವು ಮೊಲಗಳಿಗೆ, ವಿಶೇಷವಾಗಿ ಮೂತಿ ಗಿಡ್ಡವಾಗಿರುವ ಕುಬ್ಜ ತಳಿಗಳಿಗೆ, ದವಡೆ ಹುಟ್ಟಿನಿಂದಲೇ ಹೊಂದಿಕೊಳ್ಳದ ಕಾರಣ ಎಷ್ಟೇ ಹುಲ್ಲು ತಿನ್ನಿಸಿದರೂ ಈ ತೊಂದರೆ ಬರುತ್ತದೆ. ಆದ್ದರಿಂದ ತಪ್ಪೆಲ್ಲ ನಿಮ್ಮದೇ ಎಂದು ಕೊರಗಬೇಡಿ. ಹತ್ತಿಯ ಬಾಯಿ ನೋಯುತ್ತಿರುವ ಈಗ ಮಾತ್ರ ಸೊಪ್ಪನ್ನು ತಡೆಯಬೇಡಿ, ಎಳೆಯ ಗರಿಕೆಯನ್ನು ಸಣ್ಣಗೆ ಹೆಚ್ಚಿ ಕೊಟ್ಟು ನೋಡಿ, ಬಾಳೆಹಣ್ಣನ್ನು ಔಷಧದ ಜೊತೆ ಬೆರಳತುದಿಯಷ್ಟಕ್ಕೆ ಇಳಿಸಿ.

ಕಾಯಿಲೆ ನಿಮ್ಮ ಇನ್ನೊಂದು ಮೊಲಕ್ಕೆ ಅಂಟುವುದಿಲ್ಲ. ಕೀವು ಮುಟ್ಟಿದ ಮೇಲೆ ನೀವು ಕೈ ತೊಳೆದರೆ ಸಾಕು. ಎರಡೂ ಒಂದೇ ಊಟ ತಿಂದು ಬೆಳೆದವಾದ್ದರಿಂದ ಅದರ ಹಲ್ಲನ್ನೂ ಪರೀಕ್ಷಿಸಿಕೊಳ್ಳಿ.

ಮೊಲದ ದಂತ ಶಸ್ತ್ರಚಿಕಿತ್ಸೆಯಲ್ಲಿ ಕೈಪಳಗಿದವರು ಎಲ್ಲ ಊರಲ್ಲೂ ಸಿಗುವುದಿಲ್ಲ. ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ನಿಮಗೆ ಹತ್ತಿರವಾದ ಕಾಲೇಜಿನ ಶಸ್ತ್ರಚಿಕಿತ್ಸಾ ವಿಭಾಗವನ್ನು ವಿಚಾರಿಸಿ, ಅಥವಾ ಮೊಲ, ಗಿಣಿಗಳಂಥ ಪ್ರಾಣಿಗಳನ್ನೇ ಹೆಚ್ಚಾಗಿ ನೋಡುವ ವೈದ್ಯರನ್ನು ಹುಡುಕಿ. ಎಷ್ಟು ಮೊಲಗಳ ದವಡೆ ಹಲ್ಲು ಕಿತ್ತಿದ್ದೀರಿ ಎಂದು ನೇರವಾಗಿ ಕೇಳುವುದು ನಿಮ್ಮ ಹಕ್ಕು. ಎಕ್ಸ್-ರೇಯಲ್ಲಿ ಒಂದೆರಡು ಹಲ್ಲಷ್ಟೇ ಕೆಟ್ಟಿದ್ದರೆ ನಾನಾಗಿದ್ದರೆ ಶಸ್ತ್ರಚಿಕಿತ್ಸೆಯನ್ನೇ ಆರಿಸಿಕೊಳ್ಳುತ್ತಿದ್ದೆ. ಚೆನ್ನಾಗಿ ನೋಡಿಕೊಂಡ ಮೊಲ ಎಂಟು ಹತ್ತು ವರ್ಷ ಬಾಳುತ್ತದೆ, ನಾಲ್ಕು ವರ್ಷವೆಂದರೆ ಅವಳಿಗೆ ಇನ್ನೂ ಅರ್ಧ ಆಯುಷ್ಯವಿದೆ. ದವಡೆಯ ಮೂಳೆ ಬಹುಪಾಲು ಕರಗಿದ್ದರೆ, ಎರಡೂ ಕಡೆ ಹಲ್ಲುಗಳು ಕೆಟ್ಟಿದ್ದರೆ, ನೋವಿನ ಔಷಧ ಮತ್ತು ಆ್ಯಂಟಿಬಯೋಟಿಕ್ ಮೇಲೆ ನೆಮ್ಮದಿಯಾಗಿ ಇರುವಷ್ಟು ದಿನ ಇರಿಸಿಕೊಳ್ಳುವುದೂ ಒಂದು ಗೌರವಯುತ ದಾರಿಯೇ. ಹಲ್ಲು ಕಡಿಯುತ್ತಾ ಮೂಲೆಯಲ್ಲಿ ಮುದುಡಿ ಕೂತು, ಸೊಪ್ಪಿಗೂ ಮುಖ ತಿರುಗಿಸುವ ಹಂತ ಬಂದರೆ ದಯಾಮರಣದ ಮಾತನ್ನು ವೈದ್ಯರೊಡನೆ ಮುಚ್ಚುಮರೆಯಿಲ್ಲದೆ ಆಡಿ.

ಆಸ್ಪತ್ರೆಗೆ ಹೋಗುವ ದಿನ ಇನ್ನೊಂದು ಮೊಲವನ್ನೂ ಅದೇ ಬುಟ್ಟಿಯಲ್ಲಿ ಕರೆದೊಯ್ಯಿರಿ. ಜೊತೆಗಾರನ ಮೈ ತಾಗಿದ್ದರೆ ಹತ್ತಿಯ ಗಾಬರಿ ಕಡಿಮೆಯಾಗುತ್ತದೆ, ಅರಿವಳಿಕೆಯಿಂದ ಎದ್ದ ಮೇಲೆ ಪಕ್ಕದಲ್ಲಿ ಅದು ಹುಲ್ಲು ಮೇಯುವುದನ್ನು ಕಂಡು ಅವಳೂ ಬಾಯಿ ಹಾಕುವುದುಂಟು. ಒಂದು ಹಿಡಿ ಎಳೆಯ ಗರಿಕೆ, ಅವಳು ಕುಡಿಯುವ ನೀರಿನ ಬಟ್ಟಲು, ಔಷಧದ ಹಳೆಯ ಚೀಟಿಗಳು, ಕಳೆದ ವಾರದ ತೂಕ ಬರೆದಿಟ್ಟ ಹಾಳೆ ಇವಿಷ್ಟೂ ಜೊತೆಯಲ್ಲಿರಲಿ.